ನಲ್ಲಿ ಹೌಸಿನ ಗುರುತು

"ನಿಂದ್ಯಾವ ಹೌಸು ಅಂತ ಕೇಳಿದ್ರೆ, ಬಾಡಿಗೇದು ಸಾರ್ ಅಂತಾಳಲ್ರಪ್ಪ ಈ ಮಹಾತಾಯಿ."

ಆಟದ ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ, ಸಾಲುಸಾಲಾಗಿ ನಿಂತಿದ್ದ ಇಡೀ ಮೈದಾನ ನಕ್ಕಿತು. ಒಗೆದು ಇಸ್ತ್ರಿ ಮಾಡಿದ ಪರದೆಗಳ ಗಂಟನ್ನು ತಲೆಯ ಮೇಲೆ ಹೊತ್ತು ನಾನು ಆಗಷ್ಟೇ ಗೇಟಿನೊಳಗೆ ಕಾಲಿಟ್ಟಿದ್ದೆ. ಆ ನಗುವಿನ ನಡುವೆ ನಿಂತಿದ್ದವಳು ನನ್ನ ತಂಗಿ. ಸ್ಕೂಲು ಸೇರಿ ಅವಳಿಗೆ ಅದು ನಾಲ್ಕನೇ ದಿನ.

ತಾನೇನು ತಪ್ಪು ಹೇಳಿದೆ ಎಂದು ಅವಳಿಗೆ ತಿಳಿಯಲಿಲ್ಲ. ಉತ್ತರ ಚಿಕ್ಕದಾಯಿತೇನೋ ಅಂದುಕೊಂಡು ಇನ್ನಿಷ್ಟು ಸೇರಿಸಿದಳು.

"ಓನರ್ರು ಖಾಲಿ ಮಾಡಿ ಅಂತಿದ್ದಾರೆ ಸಾರ್."

ಮಾಸ್ತರ ಕಣ್ಣಲ್ಲಿ ನೀರೇ ಬಂತು. "ಖಾಲಿ ಮಾಡ್ಬಿಡು ತಾಯಿ, ಖಾಲಿ ಮಾಡ್ಬಿಡು. ಹೋಗು, ಆ ನಲ್ಲಿ ಹತ್ರ ನಿಂತ್ಕೊ."

ತಲೆಯ ಮೇಲೆ ಗಂಟಿದ್ದವರು ತಲೆ ತಗ್ಗಿಸುವ ಹಾಗಿಲ್ಲ. ತಗ್ಗಿಸಿದರೆ ಗಂಟು ಬೀಳುತ್ತದೆ. ಹಾಗಾಗಿ ನಾನು ಎಲ್ಲವನ್ನೂ ನೆಟ್ಟಗೆ ನೋಡಿದೆ.

ಹೌಸು ಅಂದರೆ ವಾಸದ ಮನೆಯಲ್ಲ ಎಂದು ನನಗೂ ಆಮೇಲೆ ಗೊತ್ತಾಯಿತು. ಆ ಸ್ಕೂಲಿನಲ್ಲಿ ಮಕ್ಕಳನ್ನು ಕೆಂಪು, ನೀಲಿ, ಹಸಿರು, ಹಳದಿ ಎಂದು ನಾಲ್ಕು ಪಾಲು ಮಾಡುತ್ತಾರೆ. ಪ್ರತಿ ಹೌಸಿಗೂ ಒಬ್ಬ ಕ್ಯಾಪ್ಟನ್ನು, ಒಂದು ಬಣ್ಣದ ಅಂಗಿ, ಒಂದು ಘೋಷಣೆ. ಓಟದಲ್ಲಿ ಗೆದ್ದರೂ ಹೌಸಿಗೆ ಪಾಯಿಂಟು, ಪರೀಕ್ಷೆಯಲ್ಲಿ ಗೆದ್ದರೂ ಹೌಸಿಗೆ ಪಾಯಿಂಟು. ನಮ್ಮ ಬಟ್ಟೆ ಒಗೆಯುವ ಕಟ್ಟೆಯಿಂದ ಆ ವರ್ಷ ಆರು ಮಕ್ಕಳಿಗೆ ಅಲ್ಲಿ ಪುಕ್ಕಟೆ ಸೀಟು ಸಿಕ್ಕಿತ್ತು. ಮೇಲಿನಿಂದ ಆಜ್ಞೆ ಬಂದಿತ್ತು, ಕೊಡದೆ ವಿಧಿಯಿರಲಿಲ್ಲ. ಸೀಟು ಕೊಟ್ಟರು, ಹೌಸು ಕೊಡಲಿಲ್ಲ. ಕೆಂಪು ಹೌಸಿನ ಕ್ಯಾಪ್ಟನ್ ಹುಡುಗಿ ಎಲ್ಲರೆದುರೇ ಹೇಳಿದ್ದಳಂತೆ, "ಅವರನ್ನ ತಗೊಂಡ್ರೆ ನಮ್ಮ ಪಾಯಿಂಟ್ ಬಿದ್ದೋಗುತ್ತೆ ಸಾರ್." ಮಿಕ್ಕ ಮೂವರು ಕ್ಯಾಪ್ಟನ್ನರೂ ಹೌದೆಂದು ತಲೆಯಾಡಿಸಿದರು. ಮುಂದಿನ ವರ್ಷ ನೋಡೋಣ ಎಂದರು ಮಾಸ್ತರು.

ಹಾಗೆ ಶುಕ್ರವಾರ ಬಂತೆಂದರೆ ಮೈದಾನದಲ್ಲಿ ನಾಲ್ಕು ಬಣ್ಣದ ಸಾಲು. ನಮ್ಮ ಆರು ಜನ ದಿನದ ಬಿಳಿ ಅಂಗಿಯಲ್ಲಿ ನಲ್ಲಿಯ ಪಕ್ಕ. ಓಡಿ ಬಂದವರಿಗೆ ಲೋಟದಲ್ಲಿ ನೀರು ಹಿಡಿದು ಕೊಡುವುದು ಅವರ ಕೆಲಸ. ಎರಡೇ ವಾರಕ್ಕೆ ಹೆಸರೂ ಬಿತ್ತು, ನಲ್ಲಿ ಹೌಸು.

ನನ್ನ ತಂಗಿಗೆ ನಾವು ಕಡ್ಡಿ ಅನ್ನುವುದು. ಮೈಯೂ ಕಡ್ಡಿ, ಸಿಟ್ಟೂ ಬೆಂಕಿಕಡ್ಡಿ, ಗೀರಿದರೆ ಸಾಕು. ಅವಳು ಓದಲಿ ಎಂದೇ ನಾನು ಇಸ್ತ್ರಿ ಪೆಟ್ಟಿಗೆ ಹಿಡಿದದ್ದು. ನಾನೂ ಬೇರೊಂದು ಸ್ಕೂಲಿಗೆ ಹೋಗಿದ್ದವಳೇ, ಏಳನೆಯದಕ್ಕೆ ಬಿಟ್ಟೆ. ಬಿಟ್ಟು ಮೂರು ತಿಂಗಳಾದರೂ ಅಲ್ಲಿಯ ಹಾಜರಿ ಪುಸ್ತಕದಲ್ಲಿ ನಾನು ದಿನಾ ಹಾಜರಿದ್ದೆನಂತೆ. ಇದ್ದಾಗ ಕಣ್ಣಿಗೆ ಬೀಳದವಳು ಇಲ್ಲದಾಗ ಬೀಳುತ್ತಾಳೆಯೇ. ಇವಳಾದರೂ ಬೀಳಲಿ ಎಂಬುದು ನನ್ನ ಆಸೆಯಾಗಿತ್ತು.

ಬಿದ್ದಳು, ಆದರೆ ನಾನು ಅಂದುಕೊಂಡ ಹಾಗಲ್ಲ. ಮೊದಲ ತಿಂಗಳು ಹಂಡೆಯ ಉರಿಯ ಬೆಳಕಿಗೆ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದವಳು ಎರಡನೇ ತಿಂಗಳು ಪುಸ್ತಕ ತೆರೆಯುವುದನ್ನೇ ಬಿಟ್ಟಳು. ಬೆಂಚಿನ ಮೇಲೆ ಮೊಳೆಯಿಂದ ಕೆತ್ತಿದಳು. ಪ್ರಶ್ನೆ ಕೇಳಿದರೆ ಗೊತ್ತಿದ್ದರೂ ಗೊತ್ತಿಲ್ಲ ಅಂದಳು. ಒಂದು ದಿನ ಕೆಂಪು ಹೌಸಿನ ಕ್ಯಾಪ್ಟನ್ ಹುಡುಗಿ ಲೋಟವನ್ನು ತೊಳೆದು ಕೊಡು, ಇನ್ನೊಂದು ಸಲ ತೊಳೆದು ಕೊಡು, ಮತ್ತೊಂದು ಸಲ ತೊಳಿ ಎಂದಾಗ ಅವಳ ಮುಂಗೈ ಕಚ್ಚಿದಳು. ಆಮೇಲೆ ಸ್ಕೂಲಿಗೆಂದು ಹೊರಟು ಬಸ್ ನಿಲ್ದಾಣದ ಹಿಂದೆ ಕೂತು ಸಂಜೆ ಮನೆಗೆ ಬರತೊಡಗಿದಳು. ಗೊತ್ತಾದ ದಿನ ನಾನು ಕೈಗೆ ಸಿಕ್ಕಿದ ಹ್ಯಾಂಗರಿನಲ್ಲೇ ಬಾರಿಸಿದೆ.

"ಯಾಕೆ ಹೋಗ್ಲಿಲ್ಲ, ಬೊಗಳೇ ಮುಂಡೇದೇ."

"ಹೋದ್ರೇನು, ಬಿಟ್ರೇನು. ಅಲ್ಲಿ ನನ್ನ ಯಾರಾದ್ರೂ ಕಾಯ್ತಾ ಕೂತಿರ್ತಾರಾ?"

ಹ್ಯಾಂಗರನ್ನು ಕೆಳಗಿಟ್ಟೆ. ಆ ಮಾತು ನನ್ನದು. ನಾನು ಹೇಳಲು ಬಾರದೆ ನುಂಗಿಕೊಂಡು ಬಿಟ್ಟ ಮಾತು.

ನಮ್ಮ ಅಮ್ಮನಿಗೆ ಅಕ್ಷರ ಬರುವುದಿಲ್ಲ, ಗುರುತು ಬರುತ್ತದೆ. ಕಟ್ಟೆಗೆ ಬಟ್ಟೆ ಹಾಕುವ ಇನ್ನೂರು ಮನೆಗಳ ಇನ್ನೂರು ಗುರುತು ಅವಳ ತಲೆಯಲ್ಲಿವೆ. ಡಾಕ್ಟರ ಮನೆಗೆ ಮೂರು ಚುಕ್ಕಿ, ವಕೀಲರಿಗೆ ಬಾಲವಿರುವ ಕತ್ತರಿ, ಸ್ಕೂಲಿನ ಪರದೆಗಳಿಗೆ ಎರಡು ಗೀಟು. ಸೀಳಿದ ಬಿದಿರು ಕಡ್ಡಿಯ ತುದಿಯನ್ನು ಮಸಿಗೆ ಅದ್ದಿ ಕಾಲರಿನ ಒಳಮೈಗೆ ಒತ್ತುತ್ತಾಳೆ. ಆ ಮಸಿ ಸೋಡಾಕ್ಕೆ ಜಗ್ಗದು, ಕುದಿಯುವ ಹಂಡೆಗೂ ಜಗ್ಗದು. ಬಟ್ಟೆ ಹರಿದರೂ ಗುರುತು ಹರಿಯದು ಎಂಬುದು ಕಟ್ಟೆಯ ಮಾತು. ಯಾರದೆಂದು ತಿಳಿಯದ ಬಟ್ಟೆಗೆ ಮಾತ್ರ ಸೊನ್ನೆ. ಸೊನ್ನೆ ಬಿದ್ದದ್ದು ಮೂಲೆಯ ಗಂಟಿಗೆ ಹೋಗುತ್ತದೆ. ವರ್ಷವಾದರೂ ಯಾರೂ ಕೇಳಿಕೊಂಡು ಬರದಿದ್ದರೆ ಹಂಡೆ ಇಳಿಸುವ ಮಸಿಬಟ್ಟೆಯಾಗುತ್ತದೆ.

ಕಡ್ಡಿ ಅ ಆ ಕಲಿಯುವ ಮೊದಲು ಈ ಗುರುತುಗಳನ್ನು ಕಲಿತವಳು. ಹ್ಯಾಂಗರಿನ ಏಟು ತಿಂದ ಮಾರನೇ ದಿನ ಅಮ್ಮನ ಮಸಿ ಕುಡಿಕೆ ತೆಗೆದು, ಮಿಕ್ಕ ಐದೂ ಮಕ್ಕಳನ್ನು ಕೂರಿಸಿಕೊಂಡು, ಆರೂ ಅಂಗಿಯ ಕಾಲರಿಗೆ ಏನೋ ಬರೆದಳು. ಹೋಗಿ ನೋಡಿದೆ.

"ಏನೇ ಇದು?"

"ಸೊನ್ನೆ."

"ಸೊನ್ನೆ ಅಂದ್ರೆ ದಿಕ್ಕಿಲ್ಲದ್ದು ಕಣೆ. ಅಪಶಕುನದೋಳೇ."

"ಸರಿಯಾಗಿ ನೋಡಕ್ಕ. ಮಧ್ಯ ಚುಕ್ಕಿ ಇದೆ. ಸೊನ್ನೆ ಒಳಗೆ ಯಾರೋ ಇದ್ದಾರೆ."

ಅವತ್ತಿನಿಂದ ಏನಾಯಿತೋ, ನಾನು ಹೇಳಿದರೆ ನೀವು ನಂಬಲಿಕ್ಕಿಲ್ಲ. ನಲ್ಲಿ ಹೌಸು ಎಂದು ಬೈಸಿಕೊಂಡು ಮುಖ ಸಿಂಡರಿಸುತ್ತಿದ್ದ ಮಕ್ಕಳು ತಾವೇ ಹಾಗೆ ಕರೆದುಕೊಳ್ಳತೊಡಗಿದರು. ಅವರದೇ ಒಂದು ಕಾನೂನು ಹುಟ್ಟಿತು: ನಲ್ಲಿ ಹೌಸಿನಲ್ಲಿ ಯಾರೂ ಸ್ಕೂಲು ತಪ್ಪಿಸುವ ಹಾಗಿಲ್ಲ, ಗೊತ್ತಿಲ್ಲದವರಿಗೆ ಗೊತ್ತಿದ್ದವರು ಹೇಳಿಕೊಡಬೇಕು. ಇಸ್ತ್ರಿಯವನ ಮಗಳು ದುಂಡಿ ಎಂಬವಳಿದ್ದಳು. ಗಣಿತ ಅಂದರೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು, ಇಸ್ತ್ರಿ ಮೇಜಿನ ಕೆಳಗೆ ಹೋಗಿ ಅಡಗುತ್ತಿದ್ದಳು. ಐದೂ ಜನ ಬೆಳಿಗ್ಗೆ ಹೋಗಿ ಕಾಲು ಹಿಡಿದು ಅವಳನ್ನು ಹೊರಗೆ ಎಳೆಯುತ್ತಿದ್ದರು.

"ಬಾರೇ ದುಂಡಿ, ನೀನಿಲ್ದಿದ್ರೆ ನಾವು ಐದೇ ಆಗ್ತೀವಿ."

"ಹೊಟ್ಟೆ ನೋಯ್ತಿದೆ."

"ನಿನ್ನ ಹೊಟ್ಟೆನ ಇಲ್ಲೇ ಬಿಟ್ಟು ಬಾ, ನಿಮ್ಮಪ್ಪ ಇಸ್ತ್ರಿ ಮಾಡಿಟ್ಟಿರ್ತಾನೆ."

ಸಂಜೆ ಒಣಗಲು ಹಾಕಿದ ಬಟ್ಟೆಗಳ ಸಂದಿಯಲ್ಲಿ ಕೂತು ಆರೂ ಜನ ಮಗ್ಗಿ ಹೇಳುತ್ತಿದ್ದರು. ಅರ್ಧ ವರ್ಷದ ಪರೀಕ್ಷೆಯಲ್ಲಿ ಆರೂ ಪಾಸು. ದುಂಡಿ ಗಣಿತದಲ್ಲೂ ಪಾಸಾದಳು. ಅವಳ ಅಪ್ಪ ಕಟ್ಟೆಯ ತುಂಬ ಓಡಾಡಿ ಹೇಳಿಕೊಂಡು ಬಂದ, ಆ ಖುಷಿಯಲ್ಲಿ ಯಾರದೋ ಪ್ಯಾಂಟು ಸುಟ್ಟ.

ಅದಾದ ವಾರಕ್ಕೆ ದೊಡ್ಡ ಮೇಡಂ ನಮ್ಮನ್ನು ಕರೆಸಿದರು. ಮಗ್ಗಿ ಕಲಿತದ್ದಕ್ಕೆ ಹೊಗಳಲು ಕರೆದಿರಬೇಕು ಎಂದು ಅಮ್ಮ ಒಳ್ಳೆಯ ಸೀರೆ ಉಟ್ಟು ಬಂದಳು.

ಮೇಡಂ ಕೂರು ಎನ್ನಲಿಲ್ಲ. ಮೇಜಿನ ಮೇಲೆ ಕಡ್ಡಿಯ ಸ್ವೆಟರಿತ್ತು, ಅವಳು ಅದಕ್ಕೂ ಅದೇ ಗುರುತು ಹಾಕಿದ್ದಳು. ಅದರ ಕತ್ತಿನ ಪಟ್ಟಿಯನ್ನು ಒಳಮೈ ಕಾಣುವಂತೆ ಮಗುಚಿಟ್ಟಿದ್ದರು.

"ಏನಮ್ಮಾ, ನಿನ್ನ ಮಗಳು ಗ್ಯಾಂಗ್ ಕಟ್ಟಿದ್ದಾಳೆ, ಗೊತ್ತಾ ನಿಂಗೆ?"

"ಗ್ಯಾಂಗು ಅಂದ್ರೆ ಏನು ಮೇಡಂ?"

"ಗುಂಪು. ರೌಡಿಗಳು ಕಟ್ತಾರಲ್ಲ, ಅದು. ಆರು ಜನಕ್ಕೂ ಒಂದೇ ಗುರುತು. ಒಬ್ಬರನ್ನ ಬೈದ್ರೆ ಆರು ಜನ ಎದ್ದು ನಿಲ್ತಾರೆ. ಒಟ್ಟಿಗೆ ಬರ್ತಾರೆ, ಒಟ್ಟಿಗೆ ಹೋಗ್ತಾರೆ."

ಮೇಡಂ ಕುರ್ಚಿಯ ಹಿಂದಿನ ಗೋಡೆಯ ಮೇಲೆ 'ಒಗ್ಗಟ್ಟಿನಲ್ಲಿ ಬಲವಿದೆ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಏಳನೆಯದರವರೆಗೆ ಓದಿದವಳು, ಅಷ್ಟು ಓದಬಲ್ಲೆ.

"ಕೆಂಪು ಹೌಸ್‌ನೋರೂ ಒಟ್ಟಿಗೇ ಎದ್ದು ನಿಲ್ತಾರಲ್ಲ ಮೇಡಂ," ಎಂದೆ.

"ಅದು ಟೀಮ್ ಸ್ಪಿರಿಟ್."

"ಮತ್ತೆ ಇದು?"

"ನೀನ್ಯಾರು ಮಧ್ಯ ಬಾಯಿ ಹಾಕೋಕೆ? ಪರದೆ ತಂದ್ಯಾ, ಇಟ್ಟು ಹೋಗ್ತಾ ಇರು." ಆಮೇಲೆ ಅಮ್ಮನ ಕಡೆ ತಿರುಗಿದರು. "ನೋಡಮ್ಮಾ, ನಾಳೆ ಒಳಗೆ ಆರೂ ಅಂಗಿಯಿಂದ ಈ ಮಸಿ ಹೋಗಿರ್ಬೇಕು."

"ಹೋಗಲ್ಲ ಮೇಡಂ."

"ಏನು, ಎದುರುತ್ತರನಾ?"

ಅಮ್ಮ ಗಾಬರಿಯಾದಳು. ಅವಳು ಎದುರುತ್ತರ ಕೊಟ್ಟಿರಲಿಲ್ಲ, ಕಸುಬಿನ ಮಾತು ಹೇಳಿದ್ದಳು. "ಅಯ್ಯೋ, ಹಂಗಲ್ಲ. ಅದು ಹೋಗೋ ಮಸಿ ಅಲ್ಲ. ಹೋಗೋ ಮಸಿ ಹಾಕಿದ್ರೆ ನಿಮ್ಮ ಪರದೆ ಇನ್ಯಾರ್ದೋ ಮನೆ ಕಿಟಕೀಲಿ ನೇತಾಡ್ತಿರುತ್ತೆ."

"ಹೋಗಲ್ವಾ. ಆಯ್ತು, ಹೋಗೋ ಹಾಗೆ ನಾವು ಮಾಡ್ತೀವಿ," ಎಂದರು ಮೇಡಂ.

ಮಾರನೇ ದಿನ ಬೆಳಗಿನ ಪ್ರಾರ್ಥನೆಗೆ ಅಮ್ಮನೂ ಬರಬೇಕೆಂದು ಆಜ್ಞೆಯಾಗಿತ್ತು, ಅವಳ ಜೊತೆ ನಾನೂ ಹೋದೆ. ಪ್ರಾರ್ಥನೆ ಮುಗಿಯಿತು. ಆರೂ ಜನರನ್ನು ಮುಂದೆ ಕರೆದರು, ಎಲ್ಲರಿಗೂ ಬೆನ್ನು ಕಾಣುವಂತೆ ನಿಲ್ಲಿಸಿದರು. ಆಟದ ಮಾಸ್ತರು ಕತ್ತರಿ ತಂದರು. ಕಾಗದ ಕತ್ತರಿಸುವ ಮೊಂಡು ಕತ್ತರಿ, ಹೊಲಿಗೆಯ ದಾರಕ್ಕೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು.

"ತಲೆ ಬಗ್ಸೇ. ಕತ್ತಲ್ಲ ಕತ್ತರಿಸೋದು, ಕಾಲರ್ರು."

ಮಕ್ಕಳು ನಕ್ಕರು. ಮೊದಲನೆಯ ಕಾಲರು ನೆಲಕ್ಕೆ ಬಿದ್ದಾಗ ಒಂದು ಹಿಂಡು ನಗು, ಎರಡನೆಯದಕ್ಕೆ ಇನ್ನೊಂದು. ದುಂಡಿಯ ಸರದಿ ಬಂದಾಗ ಅವಳ ಕಾಲಿನ ನಡುವೆ ಒದ್ದೆಯಾಗಿ ಹನಿ ಬೀಳತೊಡಗಿತು. ಆಗ ನಗು ಮೈದಾನದ ಆಚೆಗೂ ಕೇಳಿತು. ಕಡೆಯವಳು ಕಡ್ಡಿ. ಅವಳು ತಲೆ ಬಗ್ಗಿಸಲಿಲ್ಲ. ಮಾಸ್ತರು ಕೂದಲು ಹಿಡಿದು ಬಗ್ಗಿಸಿದರು. ಕತ್ತರಿ ಕತ್ತಿಗೆ ತಾಗಿ ಸಣ್ಣಗೆ ರಕ್ತ ಬಂತು.

ಎಲ್ಲ ಮುಗಿದು ಮಕ್ಕಳು ತರಗತಿಗಳಿಗೆ ಹೋದಮೇಲೆ ಅಮ್ಮ ಮೈದಾನದ ಮಧ್ಯಕ್ಕೆ ಹೋಗಿ ಬಗ್ಗಿ ಆರು ಕಾಲರುಗಳನ್ನೂ ಒಂದೊಂದಾಗಿ ಆರಿಸಿಕೊಂಡಳು, ಮಣ್ಣು ಕೊಡವಿ ಸೆರಗಿಗೆ ಕಟ್ಟಿಕೊಂಡಳು. ಮೂವತ್ತು ವರ್ಷ ಬಟ್ಟೆ ಒಗೆದವಳು ಒಂದೇ ಒಂದು ಬಟ್ಟೆ ಹರಿದವಳಲ್ಲ. ಕಲ್ಲಿಗೆ ಬೀಸಿ ಒಗೆಯುವಾಗಲೂ ಗುಂಡಿ ಒಡೆಯದಂತೆ ಅಂಗೈಯೊಳಗೆ ಹಿಡಿದು ಒಗೆಯುವವಳು. ದಾರಿಯುದ್ದಕ್ಕೂ ಅವಳು ಕೇಳಿದ್ದನ್ನೇ ಕೇಳಿದಳು.

"ಬಟ್ಟೆ ಏನು ಮಾಡಿತ್ತೇ ಅವ್ರಿಗೆ?"

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಆ ಬಡ್ಡೀಮಗನ ಕೈ ಸೇದಿ ಹೋಗ. ಅದೇ ಕತ್ತರಿ ತಗೊಂಡು ಅವನ ಮೂಗು ಕತ್ತರಿಸ್ಬೇಕು."

"ಬಾಯ್ಮುಚ್ಚು. ಬಡವರ ಕೋಪ ದವಡೆಗೆ ಮೂಲ."

ಕಟ್ಟೆಗೆ ಬಂದು ಕಾಲರುಗಳನ್ನು ಸೋಪು ಹಾಕಿ ಒಗೆದಳು, ಗಂಜಿ ಹಾಕಿದಳು. ನಮ್ಮಲ್ಲಿ ಬಟ್ಟೆ ಒಣಗಿಸಲು ಕ್ಲಿಪ್ಪು ಬಳಸುವುದಿಲ್ಲ, ಎರಡೆಳೆ ಹೊಸೆದ ಹಗ್ಗದ ನಡುವೆ ತುದಿ ಸಿಕ್ಕಿಸುತ್ತೇವೆ. ಡಾಕ್ಟರ ಹಾಸು, ವಕೀಲರ ಕೋಟುಗಳ ನಡುವೆ ಆರು ಕಾಲರು ಸಾಲಾಗಿ ನೇತಾಡಿದವು. ಕಡ್ಡಿ ಮಧ್ಯಾಹ್ನ ಬಂದಳು, ಚೀಲವನ್ನು ಮೂಲೆಗೆಸೆದಳು.

"ಇನ್ನು ನಾನು ಹೋಗಲ್ಲ," ಎಂದಳು.

ಹೋಗಲಿಲ್ಲ. ಆರರಲ್ಲಿ ಒಬ್ಬರೂ ಹೋಗಲಿಲ್ಲ. ದುಂಡಿ ಮತ್ತೆ ಇಸ್ತ್ರಿ ಮೇಜಿನ ಕೆಳಗೆ ಸೇರಿದಳು, ಈ ಸಲ ಅವಳ ಕಾಲು ಹಿಡಿದು ಎಳೆಯುವವರು ಯಾರೂ ಇರಲಿಲ್ಲ. ಸಂಜೆ ಮಗ್ಗಿಯ ಸದ್ದಿಲ್ಲ. ಕಡ್ಡಿ ನನ್ನ ಪಕ್ಕದಲ್ಲಿ ನಿಂತು ಇಸ್ತ್ರಿಗೆ ಇದ್ದಿಲು ತುಂಬುವುದನ್ನು ಕಲಿಯುತ್ತಿದ್ದಳು. ಬಲು ಬೇಗ ಕಲಿತಳು.

ಐದನೇ ದಿನ, ಗುರುವಾರ, ಸ್ಕೂಲಿನ ಜವಾನ ಕೈಗಾಡಿ ತಳ್ಳಿಕೊಂಡು ಬಂದ. ಗಾಡಿಯಲ್ಲಿ ನಾಲ್ಕು ದೊಡ್ಡ ಗಂಟು. ಶನಿವಾರ ಆಟೋಟದ ದಿನ, ನಾಲ್ಕೂ ಹೌಸಿಗೆ ಹೊಸ ಅಂಗಿ ಹೊಲಿಸಿದ್ದರು. ಒಮ್ಮೆ ನೀರಿಗೆ ಹಾಕಿ, ಗಂಜಿ ಕೊಟ್ಟು, ಗರಿಗರಿಯಾಗಿ ಇಸ್ತ್ರಿ ಮಾಡಿ ಕೊಡಬೇಕು. ಮೇಲಿನ ಗಂಟಿನ ಮೇಲೆ ಒಂದು ಕಾಗದ ಸಿಕ್ಕಿಸಿತ್ತು. ನಾನು ಓದಿದೆ. ಸ್ಕೂಲಿನ ಶಿಸ್ತು ನಮ್ಮ ಮಗಳಿಗೆ ಒಗ್ಗದ ಕಾರಣ, ಯಾರ ಒತ್ತಾಯವೂ ಇಲ್ಲದೆ, ನಮ್ಮ ಸ್ವಂತ ಇಷ್ಟದಿಂದ ಬಿಡಿಸಿಕೊಳ್ಳುತ್ತಿದ್ದೇವೆ ಎಂದು ಬರೆದಿತ್ತು. ಕೆಳಗೆ ಹೆಬ್ಬೆಟ್ಟಿಗೆ ಒಂದು ಚೌಕ.

"ಆರೂ ಮನೆಗೂ ಒಂದೊಂದು ಇದೆ, ಮೊದಲು ನಿಮ್ದು," ಎಂದ ಜವಾನ. "ಅಂಗಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಬೇಕು. ಮೇಡಂ ಎರಡೆರಡು ಸಲ ಹೇಳಿದ್ದಾರಮ್ಮ, ಗುರುತು ಹಾಕಿ ಕಳಿಸು ಅಂತ. ಮರೀಬೇಡ, ಗುರುತು ಹಾಕಿ ಕಳಿಸು."

"ಹಾಕದಿದ್ರೆ?" ಎಂದೆ ನಾನು.

ಜವಾನ ಹಂಡೆಯ ಹೊಗೆ ನೋಡಿದ. "ಹಾಕದಿದ್ರೆ ಸ್ಕೂಲಿನ ಬಟ್ಟೆ ಬೇರೆ ಕಟ್ಟೆಗೆ ಹೋಗುತ್ತೆ ಅಂತ ನಾನೇನೂ ಹೇಳಿಲ್ಲವ್ವ." ಕೆಟ್ಟವನಲ್ಲ ಅವನು. ಖಾಲಿ ಗಾಡಿ ತಿರುಗಿಸಿಕೊಂಡು ಸದ್ದಿಲ್ಲದೆ ಹೋದ.

ಅಮ್ಮ ಕಾಗದವನ್ನು ಇಸ್ತ್ರಿ ಮೇಜಿನ ಕಂಬಳಿಯ ಕೆಳಗಿಟ್ಟಳು. ಆ ದಿನವೆಲ್ಲ, ಮಾರನೇ ದಿನ ಮಧ್ಯಾಹ್ನದವರೆಗೆ ನಾವು ಒಗೆದೆವು, ಹಿಂಡಿದೆವು, ಹಗ್ಗಕ್ಕೆ ಸಿಕ್ಕಿಸಿದೆವು. ಕೆಂಪು, ನೀಲಿ, ಹಸಿರು, ಹಳದಿ, ಕಟ್ಟೆಯ ತುಂಬ ಹೌಸುಗಳೇ ಹೌಸುಗಳು. ಕಾಗದದ ಮಾತನ್ನು ಯಾರೂ ಎತ್ತಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಸೀಟು ಹೋಯಿತು, ಒತ್ತದಿದ್ದರೆ ಸ್ಕೂಲಿನ ಕೆಲಸ ಹೋಯಿತು. ಯೋಚನೆ ಮಾಡಲು ಅದರಲ್ಲಿ ಉಳಿದದ್ದೇನು.

ಶುಕ್ರವಾರ ಮಧ್ಯಾಹ್ನ ಅಂಗಿಗಳೆಲ್ಲ ಒಣಗಿ ರಾಶಿಯಾದವು. ಅಮ್ಮ ರಾಶಿಯ ಮುಂದೆ ಕೂತು ಕಡ್ಡಿಯನ್ನು ಕರೆದಳು.

"ಒಂದೇ ಮಾತು ಹೇಳೇ. ನಿಂಗೆ ಆ ಸ್ಕೂಲು ಬೇಕೋ, ಬೇಡ್ವೋ?"

ಕಡ್ಡಿ ಇದ್ದಿಲಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ಹಗ್ಗದ ಮೇಲೆ ಇನ್ನೂ ನೇತಾಡುತ್ತಿದ್ದ ಆರು ಕಾಲರುಗಳನ್ನು ನೋಡಿದಳು.

"ಬೇಕು ಅಂದ್ರೆ ಸಿಗುತ್ತಾ? ಅಲ್ಲಿ ನಮ್ದು ಅಂತ ಏನಿದೆ ಅಮ್ಮ?" ಎಂದಳು. ಕತ್ತರಿಗೆ ಅಳದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು.

ಅಮ್ಮ ಸಮಾಧಾನ ಮಾಡಲಿಲ್ಲ, ಅದು ಅವಳಿಗೆ ಬರುವುದಿಲ್ಲ. ಎದ್ದು ಹೋಗಿ ಮಸಿ ಕುಡಿಕೆ ತಂದಳು. ಒಂದು ಕೆಂಪು ಅಂಗಿ ಎಳೆದುಕೊಂಡು ಕಾಲರು ಮಗುಚಿದಳು.

"ಹೊಸ ಬಟ್ಟೆ. ಗುರುತಿಲ್ದೆ ಹೋದ್ರೆ ಕಟ್ಟೆ ಮರ್ಯಾದೆ ಹೋಗುತ್ತೆ," ಎಂದಳು, ಯಾರಿಗೋ ಹೇಳುವ ಹಾಗೆ.

ಎರಡು ಗೀಟು ಹಾಕುತ್ತಾಳೆ ಎಂದುಕೊಂಡು ನಾನು ಇಸ್ತ್ರಿಗೆ ಗಾಳಿ ಬೀಸುತ್ತಿದ್ದೆ. ಕಣ್ಣು ಹಾಯಿಸಿದರೆ ಕಾಲರಿನ ಒಳಮೈಯಲ್ಲಿ ಒಂದು ಸೊನ್ನೆ.

"ಅಮ್ಮಾ," ಎಂದೆ. "ಏನ್ ಮಾಡ್ತಿದ್ದೀಯ? ಅದು ಹೋಗೋ ಮಸಿ ಅಲ್ಲ."

"ಮೂವತ್ತು ವರ್ಷದಿಂದ ಗೊತ್ತು, ನೀನು ಹೇಳ್ಕೊಡ್ಬೇಡ." ಬಿದಿರು ಕಡ್ಡಿಯ ತುದಿಯನ್ನು ಮತ್ತೆ ಮಸಿಗೆ ಅದ್ದಿ, ಸೊನ್ನೆಯ ಮಧ್ಯದಲ್ಲಿ ಒಂದು ಚುಕ್ಕಿ ಇಟ್ಟಳು. "ಗುರುತು ಹಾಕಿ ಕಳಿಸು ಅಂದ್ರಲ್ಲ ಮೇಡಂ. ಎರಡು ಸಲ ಹೇಳಿ ಕಳಿಸಿದ್ದಾರೆ. ನಾನು ಓದಿದೋಳಾ? ನಂಗೆ ಗುರುತು ಅಂದ್ರೆ ಇದೇ." ಮುಖದಲ್ಲಿ ನಗುವಿಲ್ಲ, ಸಿಟ್ಟಿಲ್ಲ. ಎರಡನೇ ಅಂಗಿ ಎಳೆದುಕೊಂಡಳು. "ಏಯ್ ಬೆಂಕಿಕಡ್ಡಿ, ಅತ್ತಿದ್ದು ಸಾಕು, ಬಾ. ಕಾಲರ್ ಹಿಡಿ. ಮಸಿ ಹರಡ್ಬಾರ್ದು, ಕೆಲಸ ಚೊಕ್ಕವಾಗಿರ್ಬೇಕು."

ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಮುಂದಿನ ತಿಂಗಳು ಒಲೆ ಹೇಗೆ ಉರಿಯುತ್ತದೆ ಎಂದು ಯೋಚಿಸಿದೆ. ಆಮೇಲೆ ಇನ್ನೊಂದು ಬಿದಿರು ಕಡ್ಡಿ ಸೀಳಿಕೊಂಡು ನಾನೂ ಕೂತೆ. ಸ್ವಲ್ಪ ಹೊತ್ತಿಗೆ ದುಂಡಿ ಮೇಜಿನ ಕೆಳಗಿನಿಂದ ತಾನಾಗಿಯೇ ತೆವಳಿಕೊಂಡು ಬಂದಳು. ಮಿಕ್ಕ ನಾಲ್ವರೂ ಬಂದರು. ಬಿಸಿಲು ಇಳಿಯುವ ಮೊದಲು ಒಂದು ಅಂಗಿಯೂ ಬಿಡದೆ ಮುಗಿಸಿದೆವು. ಕಡೆಗೆ ಅಮ್ಮ ಕಂಬಳಿಯ ಕೆಳಗಿನಿಂದ ಆ ಕಾಗದ ತೆಗೆದಳು. ಹೆಬ್ಬೆಟ್ಟಿನ ಚೌಕವನ್ನು ಒಮ್ಮೆ ನೋಡಿ, ಇಸ್ತ್ರಿ ಪೆಟ್ಟಿಗೆಯ ಬಿಸಿಯನ್ನು ಒದ್ದೆ ಬೆರಳಿಂದ ಪರೀಕ್ಷಿಸಿ, ಕಾಗದಕ್ಕೆ ನೀಟಾಗಿ ಇಸ್ತ್ರಿ ಹಾಕಿದಳು. ಒಂದು ಸುಕ್ಕಿಲ್ಲ. ಹಾಗೇ ಮಡಚಿ ಕೆಂಪು ಹೌಸಿನ ಗಂಟಿನ ಮೇಲಿಟ್ಟಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ ನಾವು ಗೇಟಿನಲ್ಲಿದ್ದೆವು. ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಗಂಟು, ನಾಲ್ಕನೆಯದು ದುಂಡಿಯ ಅಪ್ಪನದು. ಕಡ್ಡಿ ಕಾಲರಿಲ್ಲದ ಅಂಗಿ ತೊಟ್ಟಿದ್ದಳು. ಗಂಟು ಇಳಿಸಿ ಸೀದಾ ನಲ್ಲಿಯ ಹತ್ತಿರ ಹೋಗಿ ನಿಂತಳು. ಹಿಂದೆಯೇ ಬಂದ ಐವರೂ ಅವಳ ಪಕ್ಕ ನಿಂತರು. ಮೈದಾನದಲ್ಲಿ ಪೆಂಡಾಲು, ಕುರ್ಚಿಗಳು, ಅತಿಥಿಗಳು, ಹಾಡು. ಆ ಗಡಿಬಿಡಿಯಲ್ಲಿ ಅಂಗಿ ಹಂಚಿದ್ದಾಯಿತು, ಮಕ್ಕಳು ತೊಟ್ಟದ್ದೂ ಆಯಿತು. ಗರಿಗರಿಯಾದ ನಾಲ್ಕು ಬಣ್ಣದ ಸಾಲು ನಿಂತಿತು. ಕಟ್ಟೆಯ ಕೆಲಸ ಎಂದರೆ ಅದು, ನೋಡಿದರೆ ಯಾರಾದರೂ ಹೆಮ್ಮೆ ಪಡಬೇಕು.

ಹಸಿರು ಹೌಸಿನ ಒಬ್ಬ ಹುಡುಗ ಮುಂದೆ ನಿಂತವನ ಕತ್ತಿನಲ್ಲಿ ಏನೋ ಕಂಡು ಕಾಲರು ಎತ್ತಿದ.

"ಏಯ್, ನಿಂಗೆ ನಲ್ಲಿ ಹೌಸಿನ ಗುರುತು ಬಿದ್ದಿದೆ ಕಣೋ."

ಸುತ್ತಲಿದ್ದವರು ಅವನನ್ನು ನೋಡಿ ನಕ್ಕರು. ಆದರೆ ನಗು ಮುಗಿಯುವ ಮೊದಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೊದಲು ಹಸಿರು, ಆಮೇಲೆ ಹಳದಿ, ನೀಲಿ, ಕೆಂಪು, ಅತಿಥಿಗಳೆಲ್ಲ ನೋಡುತ್ತಿದ್ದಂತೆ ಇಡೀ ಸ್ಕೂಲು ಕೈ ಹಿಂದೆ ಮಾಡಿ ತನ್ನ ತನ್ನ ಕತ್ತು ಮುಟ್ಟಿಕೊಂಡಿತು.

ಮೇಡಂ ಪೆಂಡಾಲಿನ ಹಿಂದಕ್ಕೆ ನಮ್ಮನ್ನು ಎಳೆದುಕೊಂಡು ಹೋದರು. ಅವರ ಕೈಯಲ್ಲಿ ಇಸ್ತ್ರಿ ಮಾಡಿದ ಕಾಗದವಿತ್ತು.

"ಏನಿದು? ಏನಿದು ಅಂತ ಕೇಳ್ತಿದ್ದೀನಿ."

"ನೀವೇ ಹೇಳಿ ಕಳಿಸಿದ್ರಲ್ಲ ಮೇಡಂ, ಗುರುತು ಹಾಕಿ ಕಳಿಸು ಅಂತ," ಎಂದಳು ಅಮ್ಮ.

"ಈ ಕಾಗದಕ್ಕೆ ಹಾಕು ಅಂದಿದ್ದು, ಹೆಬ್ಬೆಟ್ಟೇ."

"ಕಾಗದಕ್ಕಾ? ಅಯ್ಯೋ, ನಂಗೇನು ಗೊತ್ತು. ನಾವು ಬಟ್ಟೆ ಒಗೆಯೋರು. ಹೊಸ ಬಟ್ಟೆ ಬಂದ್ರೆ ಹಾಕ್ತೀವಿ."

"ತೆಗೀಬೇಕು. ಈಗ್ಲೇ."

"ಹೋಗಲ್ಲ ಮೇಡಂ," ಎಂದಳು ಅಮ್ಮ. ಈ ಸಲ ಅವಳಿಗೆ ಗಾಬರಿಯಿರಲಿಲ್ಲ. "ಅವತ್ತು ಕತ್ತರಿಸಿದ್ರಲ್ಲ, ಹಂಗೆ ಕತ್ತರಿಸ್ಬೇಕಾಗುತ್ತೆ."

ಆಟದ ಮಾಸ್ತರು ಕತ್ತರಿ ಹಿಡಿದುಕೊಂಡೇ ಓಡಿ ಬಂದಿದ್ದರು, ರಿಬ್ಬನ್ನು ಕತ್ತರಿಸಲು ತಂದದ್ದು. ಹೊಸ ಕತ್ತರಿ, ಹೊಳೆಯುತ್ತಿತ್ತು. ಮಾಸ್ತರು ಮೇಡಂ ಮುಖ ನೋಡಿದರು. ಮೇಡಂ ಮೈದಾನ ನೋಡಿದರು. ಅಲ್ಲಿ ಡಾಕ್ಟರ ಮಗನಿದ್ದ, ವಕೀಲರ ಮಗಳಿದ್ದಳು, ಅವರ ಅಪ್ಪ ಅಮ್ಮಂದಿರು ಮುಂದಿನ ಸಾಲಿನಲ್ಲಿ ಕೂತಿದ್ದರು. ಕತ್ತರಿ ಮಾಸ್ತರ ಜೇಬು ಸೇರಿತು.

"ಇನ್ನು ನಮ್ಮ ಒಂದು ಕರ್ಚೀಫೂ ನಿನ್ನ ಕಟ್ಟೆಗೆ ಬರಲ್ಲ. ಸೋಮವಾರ ನಿನ್ನ ಮಗಳು ಹೇಗೆ ಗೇಟು ದಾಟ್ತಾಳೋ ನಾನೂ ನೋಡ್ತೀನಿ," ಎಂದರು ಮೇಡಂ. ಹೇಳಿದ್ದನ್ನು ಮಾಡುವವರೇ ಅವರು.

ಅಮ್ಮ ಗಂಟು ಕಟ್ಟಿದ್ದ ಬಟ್ಟೆಗಳನ್ನು ಕೊಡವಿ ಮಡಚಿಕೊಂಡಳು. ನಾನು ಕಡ್ಡಿಯನ್ನು ಕರೆಯಲು ನಲ್ಲಿಯ ಕಡೆ ಹೋದೆ.

ಅಲ್ಲಿ ಕೆಂಪು ಹೌಸಿನ ಕ್ಯಾಪ್ಟನ್ ಹುಡುಗಿ ಬಂದು ನಿಂತಿದ್ದಳು. ಮುಂಗೈಯಲ್ಲಿ ಕಡ್ಡಿಯ ಹಲ್ಲಿನ ಕಲೆ ಇನ್ನೂ ಇತ್ತು. ನಲ್ಲಿ ತಿರುಗಿಸಿ, ಬೆರಳು ಒದ್ದೆ ಮಾಡಿಕೊಂಡು, ಕಾಲರನ್ನು ಎಳೆದು ಎಳೆದು ಉಜ್ಜುತ್ತಿದ್ದಳು. ಬೆರಳು ಕೆಂಪಾಗಿತ್ತು, ಮಸಿ ಹಾಗೇ ಇತ್ತು. ಕಡೆಗೆ ಕಡ್ಡಿಯ ಕಡೆ ತಿರುಗಿದಳು.

"ಏಯ್, ಇದು ಹೋಗಲ್ವಾ?"

ಕಡ್ಡಿ ಅವಳನ್ನು ನೋಡಿದಳು, ಗೇಟಿನ ಕಡೆ ನೋಡಿದಳು. ಹರಿದ ಕತ್ತಿನ ಅಂಗಿಯನ್ನು ಹೆಗಲ ಮೇಲೆ ಸರಿ ಮಾಡಿಕೊಂಡಳು.

"ಹೋಗಲ್ಲ," ಎಂದಳು.